ಆಗಸ್ಟ್ ಹದಿನೈದು: ಮಿಠಾಯಿ ಕೊಟ್ಟಾಯ್ತು, ಕಥೆ ಹೇಳಿದ್ರಾ?

ಪ್ರತಿ ವರ್ಷ ಆಗಸ್ಟ್ ಮೊದಲ ವಾರ ಬಂತೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದು ಹುಡುಕಾಟ ಶುರುವಾಗುತ್ತದೆ. ಬಿಳಿ ಜುಬ್ಬಾ ಎಲ್ಲಿದೆ, ಗಾಂಧಿ ಕನ್ನಡಕ ಬಾಡಿಗೆಗೆ ಸಿಗುತ್ತಾ, ಭಾರತಮಾತೆಗೆ ಕಿರೀಟ ಯಾರ ಹತ್ತಿರ ಇದೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಎರಡು ನಿಮಿಷದ ಭಾಷಣ ಎಲ್ಲಿ ಸಿಗುತ್ತದೆ! ಮೊದಲೆಲ್ಲ ಅಪ್ಪನೋ ಮೇಷ್ಟರೋ ಬರೆದುಕೊಡುತ್ತಿದ್ದರು. ಈಗ ಗೂಗಲ್ಲು, ವಾಟ್ಸಾಪ್ಪು ಕೊಡುತ್ತವೆ. 'ರೆಸ್ಪೆಕ್ಟೆಡ್ ಚೀಫ್ ಗೆಸ್ಟ್, ಟೀಚರ್ಸ್ ಅಂಡ್ ಮೈ ಡಿಯರ್ ಫ್ರೆಂಡ್ಸ್' ಅಂತ ಶುರುವಾಗಿ 'ಜೈ ಹಿಂದ್' ಅಂತ ಮುಗಿಯುವ ಆ ಭಾಷಣವನ್ನು ನಾನು ಚೆನ್ನೈಗೆ ಬಂದ ಈ ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಬದಲಾಗುತ್ತಾರೆ, ಭಾಷಣ ಮಾತ್ರ ಅದೇ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ ಬಿಡಿ. ನಾವು ಹೇಳಿಕೊಟ್ಟಿದ್ದೇ ಅಷ್ಟು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಧ್ವಜಾರೋಹಣ ಆದ ಮೇಲೆ ಮಕ್ಕಳ ಜೊತೆ ಹತ್ತು ನಿಮಿಷ ಮಾತಾಡುವ ಕೆಲಸ ಕೆಲವು ವರ್ಷಗಳಿಂದ ನನ್ನ ತಲೆಗೆ ಬಿದ್ದಿದೆ. ಮೊದಲ ವರ್ಷ ನಾನು ಭಾಷಣ ಮಾಡುವ ಬದಲು ಪ್ರಶ್ನೆ ಕೇಳಿದೆ. ಸ್ವಾತಂತ್ರ್ಯ ಯಾರಿಂದ ಬಂತು? 'ಬ್ರಿಟಿಷರಿಂದ ಅಂಕಲ್.' ಯಾರು ತಂದುಕೊಟ್ಟರು? 'ಗಾಂಧಿ ತಾತ, ನೆಹರು, ಭಗತ್ ಸಿಂಗ್.' ಎಲ್ಲಿ ನಡೀತು ಇದೆಲ್ಲ? ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬ, 'ಡೆಲ್ಲಿಯಲ್ಲಿ.' ಸರಿ, ಚೆನ್ನೈಯಲ್ಲಿ ಏನು ನಡೀತು? 'ಇಲ್ಲೇನೂ ಆಗಿಲ್ಲ ಅಂಕಲ್!' ನಿಮ್ಮ ಅಜ್ಜಿ ಊರಲ್ಲಿ? ಗುಂಪಿನಲ್ಲಿ ಕನ್ನಡದ ಮನೆಯ ಮಕ್ಕಳು ಮೂರ್ನಾಲ್ಕು ಜನ ಇದ್ದರು. ಅವರೂ ತಲೆ ಆಡಿಸಿದರು. ಅಲ್ಲೂ ಏನೂ ಆಗಿಲ್ಲವಂತೆ.

ನನ್ನ ತಕರಾರು ಇರುವುದು ಇಲ್ಲೇ. ಸ್ವಾತಂತ್ರ್ಯ ಅಂದರೆ ದೂರದ ಡೆಲ್ಲಿಯಲ್ಲಿ ಯಾರೋ ಐದಾರು ಜನ ದೊಡ್ಡವರು ಗಳಿಸಿ, ಒಂದು ರಾತ್ರಿ ಹನ್ನೆರಡು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಹಂಚಿದ ವಸ್ತು ಅಂತ ನಮ್ಮ ಮಕ್ಕಳು ತಿಳಿದಿದ್ದಾರೆ. ಆದರೆ ಅದು ಪ್ರತಿಯೊಂದು ಊರಿನಲ್ಲೂ ಬೇರೆ ಬೇರೆ ಥರ ನಡೆದ ಕೆಲಸ. ಒಂದೇ ದಿನ ಎಲ್ಲ ಕಡೆ ಮುಗಿದದ್ದೂ ಅಲ್ಲ. ಮಕ್ಕಳಿಗೆ ಈ ಎರಡು ಮಾತು ತಿಳಿದರೆ ಸಾಕು, ಅವರು ಬಾಯಿಪಾಠ ಮಾಡಿದ್ದಕ್ಕೆಲ್ಲ ಜೀವ ಬರುತ್ತದೆ ಅಂತ ನನ್ನ ಅಭಿಪ್ರಾಯ.

ಮೊದಲು ಚೆನ್ನೈಯನ್ನೇ ತಗೊಳ್ಳಿ. 'ಇಲ್ಲೇನೂ ಆಗಿಲ್ಲ' ಅಂದ ಹುಡುಗ ದಿನಾ ಸ್ಕೂಲ್ ವ್ಯಾನಿನಲ್ಲಿ ಕೆಥೆಡ್ರಲ್ ರಸ್ತೆಯಲ್ಲೇ ಹೋಗುತ್ತಾನೆ. 1919ರ ಮಾರ್ಚ್‌ನಲ್ಲಿ ಗಾಂಧೀಜಿ ಮದರಾಸಿಗೆ ಬಂದಾಗ ಇಳಿದುಕೊಂಡಿದ್ದು ಆ ರಸ್ತೆಯ ಒಂದು ಮನೆಯಲ್ಲಿ, ರಾಜಾಜಿಯವರ ಅತಿಥಿಯಾಗಿ. ರೌಲಟ್ ಕಾಯ್ದೆಗೆ ಏನು ಮಾಡಬೇಕು ಅಂತ ದಿನಗಟ್ಟಲೆ ಚರ್ಚೆ ನಡೆದಿತ್ತು. ಒಂದು ದಿನ ಬೆಳಗಿನ ಜಾವ, ನಿದ್ದೆಯೂ ಅಲ್ಲ ಎಚ್ಚರವೂ ಅಲ್ಲ ಎನ್ನುವ ಹೊತ್ತಿನಲ್ಲಿ, ಇಡೀ ದೇಶವೇ ಒಂದು ದಿನ ಕೆಲಸ ನಿಲ್ಲಿಸಿ ಉಪವಾಸ, ಪ್ರಾರ್ಥನೆ ಮಾಡಬೇಕು ಎಂಬ ಯೋಚನೆ ಅವರಿಗೆ ಹೊಳೆಯಿತು. ಅವರೇ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಆ ವರ್ಷ ಏಪ್ರಿಲ್ 6ರ ದೇಶವ್ಯಾಪಿ ಹರತಾಳ ಹುಟ್ಟಿದ್ದು ಹಾಗೆ. ಅದಾಗಿ ಒಂದು ವಾರಕ್ಕೆ ಜಲಿಯನ್‌ವಾಲಾ ಬಾಗ್. ಪಾಠದ ಪುಸ್ತಕದಲ್ಲಿ ಜಲಿಯನ್‌ವಾಲಾ ಬಾಗ್ ಇದೆ, ಅದಕ್ಕೆ ಮೊದಲಿನ ಕೆಥೆಡ್ರಲ್ ರಸ್ತೆ ಇಲ್ಲ! ಆ ಮನೆ ಇದ್ದ ಜಾಗದಲ್ಲಿ ಈಗ ಹೋಟೆಲಿದೆ.

ಇನ್ನು ಸೇಂಟ್ ಜಾರ್ಜ್ ಕೋಟೆ. ಪ್ರತಿ ಆಗಸ್ಟ್ 15ಕ್ಕೆ ಮುಖ್ಯಮಂತ್ರಿಗಳು ಧ್ವಜ ಹಾರಿಸುವುದನ್ನು ಟಿವಿಯಲ್ಲಿ ಎಲ್ಲರೂ ನೋಡುತ್ತಾರೆ. (ಇದಕ್ಕೂ ಒಂದು ಕಥೆ ಇದೆ. ಮೊದಲೆಲ್ಲ ರಾಜ್ಯಗಳಲ್ಲಿ ರಾಜ್ಯಪಾಲರೇ ಹಾರಿಸುತ್ತಿದ್ದರು. ಕರುಣಾನಿಧಿಯವರು ಕೇಳಿದ್ದರಿಂದ 1974ರಿಂದ ದೇಶದ ಎಲ್ಲ ಮುಖ್ಯಮಂತ್ರಿಗಳಿಗೂ ಆ ಹಕ್ಕು ಬಂತು.) ಅದೇ ಕೋಟೆಯ ಧ್ವಜಸ್ತಂಭವನ್ನು 1932ರ ಜನವರಿ 26ರಂದು ಭಾಷ್ಯಂ ಎಂಬ ಯುವಕ ಕತ್ತಲಲ್ಲಿ ಹತ್ತಿ, ಬ್ರಿಟಿಷ್ ಬಾವುಟದ ಜಾಗದಲ್ಲಿ ನಮ್ಮ ತ್ರಿವರ್ಣ ಕಟ್ಟಿ ಇಳಿದುಬಂದಿದ್ದ. 'ಆರ್ಯ' ಭಾಷ್ಯಂ ಅಂತಲೇ ಅವನ ಹೆಸರು. ನೂರಡಿಗೂ ಮೀರಿದ ಕಂಬ ಅದು, ಕೆಳಗೆ ಬಂದೂಕು ಹಿಡಿದ ಕಾವಲು. ಈ ಕಥೆ ಹೇಳಿದಾಗ ಮಕ್ಕಳ ಬಾಯಿ ತೆರೆದೇ ಇತ್ತು. 'ಬಿದ್ದಿದ್ರೆ ಅಂಕಲ್?' ಅಂತ ಒಬ್ಬಳು ಕೇಳಿದಳು. 'ಜನವರಿ 26ನೇ ಯಾಕೆ, ಆಗ ರಿಪಬ್ಲಿಕ್ ಡೇ ಇರ್ಲಿಲ್ವಲ್ಲ?' ಅಂತ ಇನ್ನೊಬ್ಬ. ನೋಡಿ, ಪಾಠ ತಾನಾಗಿಯೇ ಮುಂದೆ ಹೋಯಿತು. 1930ರಿಂದ ಆ ದಿನವನ್ನು ಪೂರ್ಣ ಸ್ವರಾಜ್ಯ ದಿನ ಅಂತ ಆಚರಿಸುತ್ತಿದ್ದರು, ಅದನ್ನು ಮರೆಯಬಾರದು ಅಂತಲೇ 1950ರಲ್ಲಿ ಸಂವಿಧಾನ ಜಾರಿಗೆ ತರಲು ಅದೇ ತಾರೀಖು ಆರಿಸಿದರು ಅಂತ ಹೇಳುವುದಕ್ಕೆ ನನಗೆ ದಾರಿ ಸಿಕ್ಕಿತು.

ಅದೇ ಕೋಟೆಯ ಮ್ಯೂಸಿಯಂನಲ್ಲಿ 1947ರ ಆಗಸ್ಟ್ 15ರ ಬೆಳಿಗ್ಗೆ ಅಲ್ಲಿ ಹಾರಿಸಿದ ರೇಷ್ಮೆಯ ಧ್ವಜವೇ ಇದೆ. 2013ರಿಂದ ಜನರಿಗೆ ನೋಡಲು ಇಟ್ಟಿದ್ದಾರೆ. ಒಂದು ಭಾನುವಾರ ಮಾಲ್ ಬಿಟ್ಟು ಅಲ್ಲಿಗೆ ಕರೆದುಕೊಂಡು ಹೋಗಿ ನೋಡಿ. ಎರಡು ನಿಮಿಷದ ಭಾಷಣಕ್ಕಿಂತ ಆ ಹಳೇ ಬಟ್ಟೆ ಜಾಸ್ತಿ ಮಾತಾಡುತ್ತದೆ.

ತಮಿಳು ಮಕ್ಕಳಿಗೆ ತಿರುಪ್ಪೂರು ಕುಮರನ್ ಹೆಸರಾದರೂ ಗೊತ್ತಿರುತ್ತದೆ. 1932ರ ಜನವರಿಯಲ್ಲಿ ಪೊಲೀಸರ ಏಟು ಬಿದ್ದರೂ ಕೈಯಲ್ಲಿದ್ದ ಬಾವುಟ ಬಿಡದೆ ಪ್ರಾಣ ಬಿಟ್ಟವನು. 'ಕೊಡಿ ಕಾತ್ತ ಕುಮರನ್', ಅಂದರೆ ಬಾವುಟ ಕಾಪಾಡಿದ ಕುಮರನ್, ಅಂತ ಇಲ್ಲಿ ಕರೆಯುತ್ತಾರೆ. ಚೆನ್ನೈಯಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಅವನೂ ನಮ್ಮವನೇ ಆಗಬೇಕು. ಅನ್ನ ಕೊಟ್ಟ ಊರಿನ ಕಥೆ ಗೊತ್ತಿಲ್ಲದೆ ಬೆಳೆಯಬಾರದು.

ಆದರೆ ನಮ್ಮ ಮಕ್ಕಳಿಗೆ ಇನ್ನೊಂದು ಊರೂ ಇದೆಯಲ್ಲ? ಬೇಸಿಗೆ ರಜಕ್ಕೆ ರೈಲು ಹತ್ತಿ ಹೋಗುವ ಊರು. ಆ ಊರಿನ ಆಗಸ್ಟ್ 15ರ ಕಥೆ ನನ್ನ ಪ್ರಕಾರ ಇನ್ನೂ ಸ್ವಾರಸ್ಯದ್ದು. ಯಾಕೆಂದರೆ ಆವತ್ತು ಕರ್ನಾಟಕ ಅಂತ ಒಂದು ರಾಜ್ಯವೇ ಇರಲಿಲ್ಲ. ನಿಮ್ಮ ಅಜ್ಜಿ ಊರು ಯಾವುದು ಹೇಳಿ, ಆವತ್ತು ಅಲ್ಲಿ ಏನಾಗುತ್ತಿತ್ತು ಅಂತ ನಾನು ಹೇಳುತ್ತೇನೆ.

ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲವಾ? ಹಾಗಾದರೆ ಆವತ್ತು ನಿಮ್ಮ ರಾಜಧಾನಿ ಇದೇ ಚೆನ್ನೈ! ಆಗಿನ ಮದರಾಸು. ನಿಮ್ಮ ಸರ್ಕಾರ ನಡೆಯುತ್ತಿದ್ದದ್ದು ಇದೇ ಸೇಂಟ್ ಜಾರ್ಜ್ ಕೋಟೆಯಿಂದ. ಆಗ ಸರ್ಕಾರದ ಮುಖ್ಯಸ್ಥರು ಓಮಂದೂರು ರಾಮಸ್ವಾಮಿ ರೆಡ್ಡಿಯಾರ್. ನಮ್ಮ ಮಕ್ಕಳಿಗೆ ಅವರು ಓಮಂದೂರಾರ್ ಆಸ್ಪತ್ರೆಯ ಹೆಸರಾಗಿ ಮಾತ್ರ ಗೊತ್ತು. ಬಳ್ಳಾರಿ 1953ರಲ್ಲಿ, ಮಂಗಳೂರು ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಕಾಸರಗೋಡು ಕೇರಳಕ್ಕೆ ಹೋಯಿತು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಓದಿದ್ದು ಮರೀನಾ ಬೀಚಿನ ಎದುರಿನ ಕ್ವೀನ್ ಮೇರಿಸ್ ಕಾಲೇಜಿನಲ್ಲಿ. 1926ರಲ್ಲಿ ಮದರಾಸು ಶಾಸನಸಭೆಗೆ ಚುನಾವಣೆಗೆ ನಿಂತು ಸ್ವಲ್ಪದರಲ್ಲೇ ಸೋತರು. ಸೋತರೇನು, ನಮ್ಮ ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಹೆಂಗಸು ಅವರೇ. ನಮ್ಮ ಹೆಣ್ಣುಮಕ್ಕಳಿಗೆ ಪ್ರತಿ ವರ್ಷ ಭಾರತಮಾತೆ ವೇಷ ಹಾಕುವ ಬದಲು ಒಮ್ಮೆ ಕಮಲಾದೇವಿ ವೇಷ ಹಾಕಿಸಬಾರದಾ?

ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳವಾ? ಹಾಗಾದರೆ ಆವತ್ತು ನಿಮ್ಮ ಊರಿಗೆ ಸ್ವಾತಂತ್ರ್ಯವೇ ಬರಲಿಲ್ಲ. ನೀವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಿರಿ. ಅಲ್ಲಿ ತ್ರಿವರ್ಣ ಹಾರಿಸುವುದೇ ಅಪರಾಧ. ಸ್ವಾಮಿ ರಾಮಾನಂದ ತೀರ್ಥರಂಥವರನ್ನು ಜೈಲಿಗೆ ಹಾಕಿದ್ದರು. ನಿಮ್ಮ ಅಜ್ಜ ಕಾದದ್ದು ಇನ್ನೂ ಹದಿಮೂರು ತಿಂಗಳು, 1948ರ ಸೆಪ್ಟೆಂಬರ್ 17ರವರೆಗೆ.

ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕೊಡಗು ತಾನೇ ಒಂದು ಪುಟ್ಟ ಪ್ರಾಂತ್ಯ. ಬೆಂಗಳೂರಿನ ದಂಡು ಪ್ರದೇಶವನ್ನಂತೂ ಬ್ರಿಟಿಷರು ಮೈಸೂರಿಗೆ ಬಿಟ್ಟುಕೊಟ್ಟದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಬರೀ ಮೂರು ವಾರ ಮೊದಲು.

ಇನ್ನು ಹಳೇ ಮೈಸೂರು. ಇದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಮೈಸೂರು ಭಾರತಕ್ಕೆ ಸೇರಿತ್ತು, ಆದರೆ ಜನರು ಆರಿಸಿದ ಸರ್ಕಾರ ಅಲ್ಲಿರಲಿಲ್ಲ. ಮಹಾರಾಜರು, ದಿವಾನರು, ಅಷ್ಟೇ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ಹದಿನೈದು ದಿನಕ್ಕೆ, ಸೆಪ್ಟೆಂಬರ್ 1ರಿಂದ, 'ಮೈಸೂರು ಚಲೋ' ಚಳವಳಿ ಶುರುವಾಯಿತು. ಶಾಲೆ ಕಾಲೇಜು ಹುಡುಗರು ಬೀದಿಗಿಳಿದರು. ಆ ಸೆಪ್ಟೆಂಬರ್‌ನಲ್ಲೇ ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಸತ್ತ. ಮೈಸೂರಿನ ರಾಮಸ್ವಾಮಿ ಸರ್ಕಲ್ ಅಂತ ನಾವು ಆಟೋದವರಿಗೆ ಹೇಳುತ್ತೇವಲ್ಲ, ಅದೇ ಹುಡುಗನ ಹೆಸರು. ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು.

ಇದನ್ನು ಕೇಳಿದ ಒಬ್ಬ ಏಳನೇ ಕ್ಲಾಸಿನ ಹುಡುಗ, ಅವನ ತಾಯಿ ಊರು ಮೈಸೂರು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: 'ಆಗಸ್ಟ್ ಹದಿನೈದು ಆಗಿತ್ತಲ್ಲ ಅಂಕಲ್, ಆಮೇಲೂ ಯಾಕೆ ಶೂಟ್ ಮಾಡಿದ್ರು?'

ಇದು ಎಂಥ ಪ್ರಶ್ನೆ ನೋಡಿ. ಬ್ರಿಟಿಷರು ಹೋದರು ಅಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ, ನಮ್ಮನ್ನು ಆಳುವವರನ್ನು ನಾವೇ ಆರಿಸುವುದು ಬೇರೆ ವಿಷಯ ಅಂತ ಆ ಹುಡುಗನಿಗೆ ತಾನಾಗಿಯೇ ಹೊಳೆಯಿತು. ಸಿವಿಕ್ಸ್ ಪುಸ್ತಕದಲ್ಲಿ ಅದೆಷ್ಟೋ ಪುಟ ಓದಿದರೂ ತಲೆಗೆ ಹೋಗದ್ದು ಒಂದು ಸರ್ಕಲ್ಲಿನ ಹೆಸರಿನಿಂದ ಹೋಯಿತು.

ಆದರೆ ಎಲ್ಲರಿಗೂ ಇದು ಇಷ್ಟವಾಗುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, 'ಸಾರ್, ಹಬ್ಬದ ದಿನ ಪಾಸಿಟಿವ್ ಆಗಿ ಮಾತಾಡಿ. ಮಕ್ಕಳಿಗೆ ದೇಶದ ಬಗ್ಗೆ ಹೆಮ್ಮೆ ಬರಬೇಕು, ಗೊಂದಲ ಅಲ್ಲ' ಅಂದರು. ಒಳ್ಳೆಯ ಮನುಷ್ಯರು, ಕಾಳಜಿಯಿಂದಲೇ ಹೇಳಿದ್ದು. ಆದ್ದರಿಂದ ಅವರ ಮಾತಿಗೆ ಸರಿಯಾಗಿ ಉತ್ತರ ಕೊಡಬೇಕು ಅನ್ನಿಸುತ್ತದೆ.

ಗೊಂದಲ ಆಗುತ್ತದೆ, ನಿಜ. ವಿದುರಾಶ್ವತ್ಥದ ಉದಾಹರಣೆ ತಗೊಳ್ಳಿ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರದ ಆ ಊರಿನಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರು ಮೂವತ್ತಕ್ಕೂ ಹೆಚ್ಚು ಅಂತ ಊರಿನವರು ಹೇಳುತ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ತುಂಬ ಕಡಿಮೆ. ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಅಂದರೆ ಹಾರಿಸಿದವರೂ ನಮ್ಮವರೇ, ಸತ್ತವರೂ ನಮ್ಮವರೇ. ಅದಕ್ಕೆ ಎರಡು ವಾರ ಮೊದಲು ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ನಡೆದ ಧ್ವಜ ಸತ್ಯಾಗ್ರಹವೂ ಇದೇ ಹಟಕ್ಕಾಗಿ. ಇದೇ ಮೈಸೂರಿನ ಅರಸರು ಕೆರೆ, ಆಸ್ಪತ್ರೆ, ಶಾಲೆ ಕಟ್ಟಿಸಿದ್ದೂ ಸುಳ್ಳಲ್ಲ. ಒಳ್ಳೆಯದು ಮಾಡಿದ ಆಳ್ವಿಕೆಯೇ ಕೆಟ್ಟದ್ದನ್ನೂ ಮಾಡಬಹುದು ಅಂತ ಹನ್ನೆರಡು ವರ್ಷದ ಮಗುವಿಗೆ ಅರ್ಥವಾಗುವುದಿಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಯಾಕೆ ಅರ್ಥವಾಗಲ್ಲ? ಮನೆಯಲ್ಲಿ ನಮ್ಮನ್ನೇ ನೋಡುತ್ತಿರುತ್ತಾರಲ್ಲ!

'ಬಿಳಿಯರು ಕೆಟ್ಟವರು, ನಾವು ಒಳ್ಳೆಯವರು' ಎಂಬ ಕಥೆ ಸುಲಭ. ಆದರೆ ಆ ಕಥೆಯ ಮೇಲೆ ನಿಂತ ಹೆಮ್ಮೆ ಗಟ್ಟಿಯಲ್ಲ. ಕಾಲೇಜಿಗೆ ಹೋಗಿ ಎರಡು ಪುಸ್ತಕ ಓದಿದ ದಿನ ಅದು ಕುಸಿಯುತ್ತದೆ. ಇಲ್ಲವೇ 'ಕೆಟ್ಟವರು' ಎಂಬ ಜಾಗಕ್ಕೆ ಬೇರೆ ಯಾರನ್ನೋ ತಂದು ಕೂರಿಸುವುದು ಬಲು ಸುಲಭವಾಗುತ್ತದೆ. ಹೈದರಾಬಾದ್ ಕಥೆಯಲ್ಲಿ ಈ ಅಪಾಯ ಎದ್ದು ಕಾಣುತ್ತದೆ. ರಜಾಕಾರರು ಹಳ್ಳಿಗಳಿಗೆ ಮಾಡಿದ ಹಿಂಸೆಯನ್ನು ದೊಡ್ಡ ಮಕ್ಕಳಿಗೆ ಹೇಳಬೇಕು. ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಏನೂ ತಪ್ಪು ಮಾಡದ ಎಷ್ಟೋ ಮುಸ್ಲಿಂ ಕುಟುಂಬಗಳು ಸೇಡಿಗೆ ಬಲಿಯಾದದ್ದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡರೆ ನಾವು ಇತಿಹಾಸ ಹೇಳಿದ ಹಾಗಲ್ಲ, ಜಗಳಕ್ಕೆ ಮಕ್ಕಳನ್ನು ಸೇರಿಸಿಕೊಂಡ ಹಾಗೆ.

ಎಲ್ಲವನ್ನೂ ಎಲ್ಲ ವಯಸ್ಸಿನವರಿಗೆ ಹೇಳಿ ಅಂತ ನಾನು ಹೇಳುತ್ತಿಲ್ಲ. ಪುಟ್ಟ ಮಕ್ಕಳಿಗೆ ಭಾಷ್ಯಂ ಕಂಬ ಹತ್ತಿದ ಕಥೆ ಸಾಕು. ಈಸೂರಿನ ಕಥೆಯ ಮೊದಲ ಭಾಗವೂ ಅವರಿಗೆ ಹೇಳಿ ಮಾಡಿಸಿದ್ದು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತನ್ನನ್ನು ತಾನೇ ಸ್ವತಂತ್ರ ಅಂತ ಘೋಷಿಸಿಕೊಂಡು, ಎಳೆಯ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿಬಿಟ್ಟಿತ್ತು! ಇದನ್ನು ಹೇಳಿದರೆ ನಗದ ಮಗುವೇ ಇಲ್ಲ. ಆಮೇಲೆ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು, 1943ರ ಮಾರ್ಚ್‌ನಲ್ಲಿ ಊರಿನ ಐದು ಜನರನ್ನು ಗಲ್ಲಿಗೇರಿಸಿದರು ಎಂಬ ಎರಡನೇ ಭಾಗವನ್ನು ಹೈಸ್ಕೂಲಿಗೆ ಬಂದ ಮೇಲೆ ಹೇಳಿದರಾಯಿತು. ಹುಬ್ಬಳ್ಳಿಯ ನಾರಾಯಣ ಡೋಣಿಯ ಕಥೆಯೂ ಹಾಗೆಯೇ. 1942ರ ಆಗಸ್ಟ್‌ನಲ್ಲಿ ಮೆರವಣಿಗೆಯಲ್ಲಿ ಗುಂಡೇಟು ತಿಂದು ಸತ್ತಾಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ.

'ಸ್ಕೂಲಲ್ಲಿ ಇದಕ್ಕೆಲ್ಲ ಟೈಮ್ ಎಲ್ಲಿ?' ಅಂತ ಟೀಚರ್‌ಗಳು ಕೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಪೋರ್ಷನ್ ಮುಗಿಸಬೇಕು, ಮಾರ್ಚ್‌ಪಾಸ್ಟ್ ಪ್ರ್ಯಾಕ್ಟೀಸ್ ಮಾಡಿಸಬೇಕು, ಬಿಸಿಲಲ್ಲಿ ತಲೆಸುತ್ತಿ ಬಿದ್ದ ಮಗುವಿಗೆ ನೀರು ಕುಡಿಸಬೇಕು. ಆದರೆ ನಾನು ಹೇಳುವುದಕ್ಕೆ ಹೊಸ ಪೀರಿಯಡ್ ಬೇಡ. ಭಾಷಣ ಸ್ಪರ್ಧೆಯ ವಿಷಯವನ್ನು ಬದಲಾಯಿಸಿದರೆ ಸಾಕು. 'ಸ್ವಾತಂತ್ರ್ಯ ದಿನದ ಮಹತ್ವ' ಅಂತ ಕೊಡುವ ಬದಲು '1947ರ ಆಗಸ್ಟ್ 15ರಂದು ನನ್ನ ಅಜ್ಜಿಯ ಊರು' ಅಂತ ಕೊಡಿ. ಚೆನ್ನೈ ಶಾಲೆಯ ಒಂದು ಕ್ಲಾಸಿನಲ್ಲಿ ತಮಿಳು, ತೆಲುಗು, ಮಲಯಾಳ, ಕನ್ನಡ, ಸೌರಾಷ್ಟ್ರ, ಮಾರ್ವಾಡಿ ಮನೆಗಳ ಮಕ್ಕಳು ಇರುತ್ತಾರೆ. ಒಬ್ಬೊಬ್ಬರ ಊರಿನದ್ದೂ ಒಂದೊಂದು ಕಥೆ. ಗೂಗಲ್ಲಿನಿಂದ ಪೂರ್ತಿ ಕದಿಯಲು ಆಗುವುದಿಲ್ಲ, ಊರಿಗೆ ಫೋನ್ ಮಾಡಲೇಬೇಕು. ನಮ್ಮ ಮಕ್ಕಳು ಅಜ್ಜ ಅಜ್ಜಿಗೆ ಫೋನ್ ಮಾಡಿ 'ಊಟ ಆಯ್ತಾ' ಬಿಟ್ಟು ಬೇರೆ ಏನಾದರೂ ಕೇಳಿ ಎಷ್ಟು ದಿನ ಆಯಿತು ಹೇಳಿ? ಸ್ವಾತಂತ್ರ್ಯ ಬಂದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಕೇಳುವುದಿದ್ದರೆ ಬೇಗ ಕೇಳಬೇಕು.

ಪಾಂಡಿಚೇರಿಗೆ ವೀಕೆಂಡ್ ಟ್ರಿಪ್ ಹೋಗುವವರು ಇನ್ನೊಂದು ತಾರೀಖನ್ನೂ ಹೇಳಿಕೊಡಬಹುದು. ಅಲ್ಲಿ ಆಳುತ್ತಿದ್ದವರು ಫ್ರೆಂಚರು, ಅವರು ಆಡಳಿತ ಬಿಟ್ಟುಕೊಟ್ಟದ್ದು 1954ರ ನವೆಂಬರ್ 1ರಂದು. ಅದಾಗಿ ಸರಿಯಾಗಿ ಎರಡು ವರ್ಷಕ್ಕೆ, 1956ರ ನವೆಂಬರ್ 1ರಂದು, ಚದುರಿಹೋಗಿದ್ದ ಕನ್ನಡ ನಾಡು ಒಂದಾಯಿತು. ಎರಡಕ್ಕೂ ಒಂದೇ ತಾರೀಖು ಬಂದದ್ದು ಕಾಕತಾಳೀಯ. ಆದರೆ ಮಕ್ಕಳಿಗೆ ಇಂಥದ್ದು ನೆನಪಿರುತ್ತದೆ.

ಕೊನೆಯದಾಗಿ ಬಾವುಟದ ಬಗ್ಗೆ ಎರಡು ಮಾತು. ಸಿಗ್ನಲ್‌ನಲ್ಲಿ ಹತ್ತು ರೂಪಾಯಿಗೆ ಕೊಂಡ ಪ್ಲಾಸ್ಟಿಕ್ ಬಾವುಟ ಹದಿನಾರನೇ ತಾರೀಖು ಚರಂಡಿಯಲ್ಲಿ ಇರುವುದನ್ನು ನೋಡಿ ಎಲ್ಲರೂ ಬೈಯುತ್ತಾರೆ. ಬೈದು ಪ್ರಯೋಜನವಿಲ್ಲ. ಬಾವುಟ ಎಲ್ಲಿಂದ ಬರುತ್ತದೆ ಅಂತ ಹೇಳಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಸರ್ಕಾರಿ ಮಾನಕದ ಪ್ರಕಾರ ರಾಷ್ಟ್ರಧ್ವಜ ತಯಾರಿಸಲು ಮಾನ್ಯತೆ ಪಡೆದ ಸಂಸ್ಥೆ ಅದು, ಬಹಳ ಕಾಲ ಇಡೀ ದೇಶಕ್ಕೆ ಅದೊಂದೇ. ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಚಕ್ರದ ಇಪ್ಪತ್ನಾಲ್ಕು ಗೆರೆ, ಎಲ್ಲಕ್ಕೂ ಅಳತೆ ಇದೆ. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆ ಬದಲಾಗಿ ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದಲ್ಲಿ ಮಾಡಿದ್ದಕ್ಕೂ ಅನುಮತಿ ಸಿಕ್ಕ ಮೇಲೆ ಅವರ ಕೆಲಸಕ್ಕೆ ಪೆಟ್ಟು ಬಿತ್ತು. ಅಗ್ಗದ ಬಾವುಟ ಪ್ರತಿ ಮನೆಗೂ ಬರಲಿ ಎನ್ನುವವರದ್ದೂ ಒಂದು ವಾದವೇ. ನೂಲುವವರ ಹೊಟ್ಟೆಪಾಡೂ ಒಂದು ವಾದವೇ. ಎರಡನ್ನೂ ಮಕ್ಕಳ ಮುಂದಿಟ್ಟು 'ನೀವೇನು ಮಾಡ್ತಿದ್ರಿ?' ಅಂತ ಕೇಳಿ ನೋಡಿ. ದೊಡ್ಡವರ ಟಿವಿ ಚರ್ಚೆಗಿಂತ ಚೆನ್ನಾಗಿ ಮಾತಾಡುತ್ತಾರೆ.

ಮಿಠಾಯಿ ಬೇಡ, ವೇಷ ಬೇಡ ಅಂತ ನಾನು ಹೇಳುವುದಿಲ್ಲ. ಹಬ್ಬ ಅಂದ ಮೇಲೆ ಸಿಹಿ ಇರಲೇಬೇಕು. ಆದರೆ ಪ್ರಶ್ನೆ ಕೇಳುವ ಹಕ್ಕಿಗಾಗಿ ಇಷ್ಟೆಲ್ಲ ಜನ ಕಷ್ಟಪಟ್ಟ ದಿನದಂದೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಾಯಿಪಾಠ ಒಪ್ಪಿಸಿಕೊಂಡು, ಪ್ರಶ್ನೆಗೆ ಜಾಗ ಕೊಡದೆ ಮನೆಗೆ ಕಳಿಸುತ್ತೇವಲ್ಲ, ಅದು ಸರಿಯಲ್ಲ ಅಂತ ಮಾತ್ರ ನನ್ನ ವಾದ. ಈ ಸಲ ನಿಮ್ಮ ಮನೆಯ ಮಗು ಭಾಷಣ ಬರೆದುಕೊಡಿ ಅಂತ ಬಂದರೆ ಬರೆದುಕೊಡಬೇಡಿ. ನಿಮ್ಮ ಊರಿನ ಹೆಸರು ಹೇಳಿ, ಆವತ್ತು ಅಲ್ಲಿ ಏನಾಗುತ್ತಿತ್ತು ಅಂತ ಹುಡುಕೋಣ ಬಾ ಅನ್ನಿ. ನಿಮಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಇಬ್ಬರೂ ಸೇರಿ ಹುಡುಕಬಹುದು. ಸಿಕ್ಕಿದರೆ ನನಗೂ ಹೇಳಿ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಮುಂದಿನ ವರ್ಷಕ್ಕೆ ಹೊಸ ಕಥೆ ಬೇಕು.